ಮೂರು ಗಂಟೆಗೆ ಪ್ರಸ್ಥಾನ

ಫುಟ್‌ಬಾಲ್ ಮೈದಾನದಲ್ಲಿ ಆಟ ನೋಡದೆ ಜನರನ್ನು ನೋಡುತ್ತ ಕೂರುವುದಕ್ಕೂ ಒಬ್ಬ ಮನುಷ್ಯ ಬೇಕು ಅನ್ನುವುದು ನನಗೆ ಗೊತ್ತಾದದ್ದು, ನನ್ನ ಗಂಡನೇ ಆ ಮನುಷ್ಯನಾದ ಮೇಲೆ.

ಲೀಡ್ಸ್‌ಗೂ ಶೆಫೀಲ್ಡ್‌ಗೂ ನಡುವೆ ಎಲ್ಲೋ ಇರುವ ನಮ್ಮ ಚಿಕ್ಕ ಊರಿನಲ್ಲಿ ಇವರು ಜಿಪಿ, ಅಂದರೆ ಎಲ್ಲ ಕಾಯಿಲೆಗೂ ಮೊದಲು ನೋಡುವ ಡಾಕ್ಟರು. ಪ್ರೇಕ್ಷಕರು ಒಂದು ಸಂಖ್ಯೆ ದಾಟುತ್ತಾರೆ ಅಂದರೆ ಅವರಿಗಾಗಿ ಒಬ್ಬ ಡಾಕ್ಟರು ಮೈದಾನದಲ್ಲಿ ಇರಲೇಬೇಕು ಅನ್ನುವುದು ಇಲ್ಲಿಯ ನಿಯಮ. ಆಟಗಾರರನ್ನು ನೋಡಿಕೊಳ್ಳಲು ಬೇರೆಯವರಿದ್ದಾರೆ. ಈ ಡಾಕ್ಟರು ನೋಡಲು ಬಂದವರಿಗೆ. ಬಹಳ ವರ್ಷ ಆ ಕೆಲಸ ಮಾಡಿದವರು ನಿವೃತ್ತರಾದಾಗ ಕ್ಲಬ್ಬಿನವರು ಇವರನ್ನು ಕೇಳಿದರು. ಕ್ರಿಕೆಟ್ ಬಿಟ್ಟು ಬೇರೆ ಆಟದ ಕಡೆ ಕಣ್ಣೆತ್ತಿ ನೋಡದ ಇವರು, ನನಗೆ ಆಟದ ಗಂಧವೇ ಇಲ್ಲ ಅಂದರಂತೆ.

"ಹಾಗಾದ್ರೆ ನೀವೇ ಸರಿ," ಅಂದರಂತೆ ಅವರು. "ಗೋಲ್ ಆದಾಗ ಎಲ್ಲರೂ ಚೆಂಡು ನೋಡ್ತಾರೆ. ಜನ ಬೀಳೋದೂ ಆವಾಗಲೇ. ನೀವು ಜನರನ್ನ ನೋಡಬೇಕು."

ಹೀಗೆ ಆಗಸ್ಟ್ ತಿಂಗಳಿಂದ ನಮ್ಮ ಶನಿವಾರಗಳು ಆ ಮೈದಾನಕ್ಕೆ ಹೋದವು. ಇವರಿಗೆ ಮೆಟ್ಟಿಲುಗಳ ಕೆಳಗೆ, ಗೇಟಿನ ಪಕ್ಕ ಒಂದು ಕುರ್ಚಿ. ಆಟ ಶುರುವಾದ ಕೂಡಲೇ ಇವರು ಮೈದಾನಕ್ಕೆ ಅರ್ಧ ಬೆನ್ನು ಹಾಕಿ, ಸಾಲುಗಳ ಮೇಲೆ ಕಣ್ಣಾಡಿಸುತ್ತಾ ಕೂರುತ್ತಿದ್ದರು. ಡಾಕ್ಟರ ಹೆಂಡತಿಗೆ ಅಂತ ಕೊಟ್ಟ ಪಾಸಿನ ಸೀಟು ನನ್ನದು, ಹತ್ತು ಸಾಲು ಮೇಲೆ. ಮನೆಯಲ್ಲಿ ಒಬ್ಬಳೇ ಕೂತು ಬಟ್ಟೆ ಇಸ್ತ್ರಿ ಮಾಡುವ ಬದಲು ಗಾಳಿ ಸೇವನೆಯಾದರೂ ಆಗಲಿ ಎಂದು ಹೋಗುತ್ತಿದ್ದೆ. ಬರಿಯ ಗಾಳಿಯಲ್ಲ, ಮೂಳೆ ಕೊರೆಯುವ ಗಾಳಿ. ಒಳಗೆ ಎರಡು ಸ್ವೆಟರ್, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಕೋಡುಬಳೆ.

ನಮ್ಮ ಕ್ಲಬ್ಬು ಮೇಲಿನಿಂದ ನಾಲ್ಕನೆಯ ಡಿವಿಷನ್ನಿನಲ್ಲಿತ್ತು. ಅದಕ್ಕೂ ಕೆಳಗೆ ಜಾರಿದರೆ ಲೀಗಿನಿಂದಲೇ ಹೊರಗೆ. ಜೆರ್ಸಿ ಬದನೆಕಾಯಿ ಬಣ್ಣದ್ದು. ಮೊದಲ ತಿಂಗಳಿನಲ್ಲೇ ಮೂರು ಆಟ ಸೋತು ಪಟ್ಟಿಯ ತಳ ಹಿಡಿದವರು, ಪೂರ್ತಿ ಸೀಸನ್ ಆ ತಳದಿಂದ ಒಂದು ಮೊಳ ಏಳುವುದು, ಮತ್ತೆ ಕೂರುವುದು, ಇಷ್ಟೇ ಮಾಡಿದರು.

ನನ್ನ ಪಕ್ಕದ ಸೀಟು ಒಬ್ಬ ಮುದುಕರದು. ನಮ್ಮ ಬೀದಿಯವರೇ, ನಮ್ಮ ಮನೆಯಿಂದ ಓರೆಯಾಗಿ ಎದುರಿಗೆ. ಊರಿನ ಬಸ್ಸು ಓಡಿಸಿ ನಿವೃತ್ತರಾದವರು. ಬೀದಿಯಲ್ಲಿ ಸಿಕ್ಕಾಗ ಹವಾಮಾನದ ಮಾತು ಬಿಟ್ಟು ಬೇರೆ ಆಡದವರು ಮೈದಾನದಲ್ಲಿ ಬೇರೆಯೇ ಮನುಷ್ಯ. ಹೆಂಡತಿ ಹೊಲಿದುಕೊಟ್ಟ ಬದನೆಕಾಯಿ ಬಣ್ಣದ ದಿಂಬೊಂದನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಅದನ್ನು ಸೀಟಿನ ಮೇಲೆ ಹಾಕಿ, ಎರಡು ಸಲ ತಟ್ಟಿ, ಆಮೇಲೆ ಕೂರುವುದು. ಹೊಡೆದ ಗೋಲನ್ನೂ ರದ್ದು ಮಾಡುವ ಆಫ್‌ಸೈಡ್ ನಿಯಮ ನನಗೆ ಅರ್ಥವಾಗಲು ಡಿಸೆಂಬರ್ ಬೇಕಾಯಿತು. ಅವರಿಗೆ ಕೋಡುಬಳೆಯ ಖಾರ ಒಗ್ಗಲು ಅಕ್ಟೋಬರ್ ಸಾಕಾಯಿತು.

ಅವರದೊಂದು ನೇಮವಿತ್ತು. ಕೊನೆಯ ಸೀಟಿ ಊದುವವರೆಗೆ ಏಳುವಂತಿಲ್ಲ. ಸೋಲು ಖಾತ್ರಿಯಾದ ದಿನ ಹತ್ತು ನಿಮಿಷ ಇರುವಾಗಲೇ ಜನ ಕೋಟಿನ ಗುಂಡಿ ಹಾಕಿಕೊಂಡು ಇಳಿಯಲು ಶುರುಮಾಡುತ್ತಿದ್ದರು. ಮುದುಕರು ಎಲ್ಲರಿಗೂ ಕೇಳುವ ಹಾಗೆ ಹೇಳುವರು: "ಪಾಪ, ಬಸ್ಸು ಹಿಡೀಬೇಕು ಅವರು. ಬಸ್ಸು ಓಡಿಸಿದವನು ನಾನು, ನಂಗೇ ಅರ್ಜೆಂಟಿಲ್ಲ!" ಇಳಿಯುವವರು ತಿರುಗಿ ಏನೋ ಬೈಯುವರು. ಮುದುಕರು ಟೋಪಿ ಎತ್ತಿ ನಮಸ್ಕಾರ ಮಾಡುವರು. ಜೀವಮಾನದಲ್ಲಿ ಒಂದು ಆಟದಿಂದಲೂ ಮುಂಚೆ ಎದ್ದು ಹೋಗಿಲ್ಲ ಅನ್ನುವುದು ಅವರ ದೊಡ್ಡ ಹೆಮ್ಮೆ.

ಜನರನ್ನು ನೋಡುವ ಇವರ ಕಣ್ಣಿಗೆ ಅವರು ಬಿದ್ದದ್ದು ಚಳಿ ಶುರುವಾದ ಮೇಲೆ. "ನಿನ್ನ ಪಕ್ಕದಲ್ಲಿ ಕೂರ್ತಾರಲ್ಲ," ಅಂದರು ಒಂದು ಸಂಜೆ ಸಾರು ಕಲಸಿಕೊಳ್ಳುತ್ತಾ, "ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು ಮೈದಾನ ನೋಡ್ತಾರೆ. ಆ ಹೊತ್ತಲ್ಲಿ ಮೈದಾನದಲ್ಲಿ ನೋಡೋಕೆ ಏನೂ ಇರಲ್ಲ." ಅವರಿಗೂ ಹೇಳಿದರು, ನಿಮ್ಮ ಡಾಕ್ಟರಿಗೆ ತೋರಿಸಿಕೊಳ್ಳಿ ಅಂತ. ಅವರು ಹೂಂ ಹೂಂ ಅಂದು ತೇಲಿಸಿದರು. ಫೆಬ್ರವರಿಯಲ್ಲಿ ನಮ್ಮವರು ಅಪರೂಪಕ್ಕೆ ಒಂದು ಗೋಲು ಹೊಡೆದಾಗ, ಎಲ್ಲರ ಜೊತೆ ಎದ್ದು ನಿಂತ ಮನುಷ್ಯ ಹಾಗೆಯೇ ನನ್ನ ಭುಜದ ಮೇಲೆ ಕುಸಿದರು. ನಾನು ಕೂಗುವ ಮೊದಲೇ ಇವರು ಅರ್ಧ ಮೆಟ್ಟಿಲು ಹತ್ತಿಯಾಗಿತ್ತು. ಕಣ್ಣು ಬಿಟ್ಟವರು ಕೇಳಿದ ಮೊದಲ ಮಾತು, "ಗೋಲು ಕೊಟ್ರಾ, ಆಫ್‌ಸೈಡಾ?"

ಪರೀಕ್ಷೆಗಳಾದವು. ಹೃದಯದ ಒಂದು ಕವಾಟ ಗಟ್ಟಿಯಾಗಿ, ರಕ್ತ ಹೊರಬರುವ ದಾರಿ ಕಿರಿದಾಗಿತ್ತು. ಬದಲಾಯಿಸಲೇಬೇಕು. ಒಮ್ಮೆ ತಲೆ ಸುತ್ತಿ ಬಿದ್ದವರು ಹೆಚ್ಚು ದಿನ ಕಾಯುವ ಹಾಗಿಲ್ಲ ಎಂದು ಇವರು ನನಗೆ ಬಿಡಿಸಿ ಹೇಳಿದರು. ಏಪ್ರಿಲಿನಲ್ಲಿ ಲೀಡ್ಸ್‌ನ ಆಸ್ಪತ್ರೆಯಿಂದ ಕರೆ ಬಂತು. ಅದೇ ತಿಂಗಳ ಕೊನೆಯ ಮಂಗಳವಾರ ಆಪರೇಷನ್. ಸೀಸನ್ನಿನ ಕಡೆಯ ಆಟ ಅದರ ಮರು ಶನಿವಾರ, ನಮ್ಮದೇ ಮೈದಾನದಲ್ಲಿ. ಉಳಿಯುತ್ತೇವೋ ಬೀಳುತ್ತೇವೋ ಅವತ್ತೇ ತೀರ್ಮಾನ.

ಸುದ್ದಿ ಹೇಳಲು ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಆಕೆ ಸಣ್ಣಗೆ ಕತ್ತರಿಸಿದ ಬಿಳಿ ಕೂದಲಿನ, ಮಾತಿಗೆ ಮುಂಚೆ ನಗುವ ಹೆಂಗಸು. ಅವತ್ತು ನಗಲಿಲ್ಲ.

"ಮುಂದಕ್ಕೆ ಹಾಕ್ತಾನಂತೆ. ನೀವೇ ಹೇಳಿ ಡಾಕ್ಟರೇ."

"ಒಂದು ವಾರ, ಡಾಕ್, ಒಂದೇ ಒಂದು ವಾರ," ಅಂದರು ಮುದುಕರು.

"ಒಂದು ವಾರ ಅಂತ ನೀವು ಅಂದ್ಕೊಂಡಿದ್ದೀರಿ," ಅಂದರು ಇವರು. "ಈ ದಿನ ಬಿಟ್ರೆ ಮತ್ತೆ ಸಾಲಿನ ಕೊನೆಗೆ ಹೋಗ್ತೀರಿ. ಎಷ್ಟು ವಾರ ಅಂತ ಅವರೂ ಹೇಳಲ್ಲ. ಅಷ್ಟರಲ್ಲಿ ಇನ್ನೊಂದು ಸಲ ಬಿದ್ರೆ, ಪಕ್ಕದಲ್ಲಿ ನಾನಿದ್ರೂ ಎಬ್ಬಿಸೋಕೆ ಆಗದೇ ಇರಬಹುದು."

"ಕಡೇ ಆಟ ಬಿಟ್ಟು ಹೋಗೋದು ಅಂದ್ರೆ ಸೀಟಿ ಊದೋ ಮುಂಚೆ ಎದ್ದು ಹೋದ ಹಾಗೆ. ಅದು ನನ್ನ ಕೈಲಿ ಆಗಲ್ಲ."

"ನಮ್ಮ ಮದುವೆ ಶುಕ್ರವಾರ ಆಯ್ತು," ಅಂದರು ಆಕೆ ನನ್ನ ಕಡೆ ತಿರುಗಿ. "ಯಾಕೆ ಕೇಳಿ. ಶನಿವಾರ ಆಟ ಇತ್ತು."

"ಗೆದ್ವಲ್ಲ, ಲವ್!" ಅಂದರು ಮುದುಕರು. ಹೆಂಡತಿಯಾಗಲಿ ನೆರೆಮನೆಯವಳಾಗಲಿ, ಈ ಕಡೆಯವರ ಬಾಯಲ್ಲಿ ಹೆಂಗಸರೆಲ್ಲ ಲವ್.

ನಾನು ಟೀ ಸೋಸುತ್ತಾ ಇದ್ದೆ. ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಪ್ರತಿ ವರ್ಷ ಮೈಸೂರಿನಿಂದ ಅಮ್ಮ ಕಳಿಸುವ ಕ್ಯಾಲೆಂಡರು ಇರುತ್ತದೆ. ತಿಥಿ, ನಕ್ಷತ್ರ, ರಾಹುಕಾಲ, ಎಲ್ಲ ಇರುವಂಥದ್ದು. ಅದರದೇ ಚೌಕಗಳಲ್ಲಿ ಆ ವರ್ಷ ಕ್ಲಬ್ಬಿನ ಆಟಗಳನ್ನೂ ಪೆನ್ಸಿಲಿನಲ್ಲಿ ಗುರುತಿಸಿದ್ದೆ. ದಿನಾಂಕ ಕೇಳಿದೊಡನೆ ಕಣ್ಣು ತಾನೇ ಅಲ್ಲಿಗೆ ಹೋಯಿತು. ಚೌಕದ ಮೂಲೆಯಲ್ಲಿ ಕಪ್ಪು ಚುಕ್ಕೆ.

"ಅಯ್ಯೋ, ಮಂಗಳವಾರ. ಅದೂ ಅಮಾವಾಸ್ಯೆ!" ಅಂದುಬಿಟ್ಟೆ. ಅಮಾವಾಸ್ಯೆ ಎಂಬ ಮಾತು ಕನ್ನಡದ್ದಾದರೂ ನನ್ನ ಮುಖ ಇಂಗ್ಲಿಷಿನಲ್ಲಿತ್ತು.

"ಏನದು?" ಮುದುಕರು ಕಿವಿ ನಿಮಿರಿಸಿದರು.

ಸುಮ್ಮನಿರಬಹುದಿತ್ತು. ಕೇಳಿದವರಿಗೆ ಹೇಳುವುದು ಅಭ್ಯಾಸ. ಚಂದ್ರನಿಲ್ಲದ ದಿನ, ನಮ್ಮಲ್ಲಿ ಅವತ್ತು ಹೊಸದೇನೂ ಶುರುಮಾಡುವುದಿಲ್ಲ, ಮಂಗಳವಾರ ಬೇರೆ ಸೇರಿದೆ ಎಂದು ವಿವರಿಸಿಯೇಬಿಟ್ಟೆ.

ಅವರು ಕುರ್ಚಿಯಲ್ಲಿ ನೆಟ್ಟಗಾದರು. "ನೋಡಿದ್ರಾ ಡಾಕ್? ನಿಮ್ಮ ಮನೇಲೇ ಬೇಡ ಅಂತಿದ್ದಾರೆ. ಸಾವಿರಾರು ವರ್ಷದ ಲೆಕ್ಕ ಅದು, ಅಲ್ವಾ ಲವ್? ನಾಳೆನೇ ಫೋನ್ ಮಾಡಿ ಬೇರೆ ದಿನ ಕೇಳ್ತೀನಿ."

ಅವರು ಹೋದ ಮೇಲೆ ಇವರು ಬಾಗಿಲು ಹಾಕಿ ನನ್ನನ್ನು ನೋಡಿದರು. "ಇಷ್ಟು ವರ್ಷದಲ್ಲಿ ನೂರಾರು ಜನರನ್ನ ಆಪರೇಷನ್‌ಗೆ ಒಪ್ಪಿಸಿದ್ದೀನಿ ಕಣೇ. ಯಾರೂ ಅಮಾವಾಸ್ಯೆ ತಂದಿರಲಿಲ್ಲ. ಮನೇಲೇ ಇಟ್ಕೊಂಡಿದ್ದೀನಿ ನಾನು."

"ಬಾಯಿಗೆ ಬಂತು ರೀ, ಅಂದ್ಬಿಟ್ಟೆ."

"ಬಂದದ್ದನ್ನ ವಾಪಸ್ ತಗೊಳ್ಳೋದೂ ನಿನ್ನದೇ ಕೆಲಸ."

ಬೆಳಿಗ್ಗೆ ಎದ್ದವಳೇ ಅಮ್ಮನಿಗೆ ಫೋನ್ ಹಚ್ಚಿದೆ. ಅಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಅಂದಳು: "ಅಮಾವಾಸ್ಯೆ ಅಂತ ಅಷ್ಟು ಮುಖ್ಯವಾದ ಆಪರೇಷನ್ ಬಿಡ್ತಾರೇನೇ ಯಾರಾದ್ರೂ?"

"ನೀನು ಕಣ್ಣಿನ ಪೊರೆಗೆ ಆಷಾಢ ಅಂತ ತಿಂಗಳು ಕಾದೆಯಲ್ಲಮ್ಮ?"

"ಕಣ್ಣು ಕಾಯತ್ತೆ. ಹೃದಯ ಕಾಯತ್ತೇನೇ? ಹೋಗಲಿ, ನಿಮ್ಮಪ್ಪ ಟೂರ್ ಹೊರಡುವಾಗ ಏನು ಮಾಡ್ತಿದ್ವಿ? ಮರೆತೇ ಹೋಯ್ತಾ? ಪ್ರಸ್ಥಾನ ಇಡು."

ಮರೆತೇ ಹೋಗಿತ್ತು. ಅಪ್ಪ ಶಾಲೆಗಳ ಇನ್‌ಸ್ಪೆಕ್ಟರಾಗಿದ್ದರು. ಸರ್ಕಾರದ ಆರ್ಡರಿಗೆ ತಿಥಿ ಗೊತ್ತಿಲ್ಲವಲ್ಲ, ಕೆಟ್ಟ ದಿನವೇ ಹೊರಡಬೇಕಾಗುತ್ತಿತ್ತು. ಆಗ ಅದಕ್ಕೆ ಮುಂಚಿನ ಒಳ್ಳೆಯ ದಿನ ನೋಡಿ, ಅಪ್ಪನ ಚರ್ಮದ ಚೀಲವನ್ನು ಎದುರು ಮನೆಯಲ್ಲಿ ಇಟ್ಟು ಬರುವುದು. ಒಂದು ಹಿಡಿ ಅಕ್ಕಿ, ಅರಿಶಿನದ ಕೊಂಬು ಬಟ್ಟೆಯಲ್ಲಿ ಕಟ್ಟಿ ಅದರೊಳಗೆ. ಅಲ್ಲಿಗೆ ಪ್ರಯಾಣ ಆ ಒಳ್ಳೆಯ ದಿನವೇ ಶುರುವಾದಂತೆ. ಆಮೇಲೆ ಮನುಷ್ಯ ಯಾವತ್ತು ಹೋದರೂ ಅದು ಶುರುವಾದದ್ದರ ಮುಂದುವರಿಕೆ ಅಷ್ಟೆ. ಚೀಲ ಎದುರು ಮನೆಯಲ್ಲಿ, ಅಪ್ಪ ನಮ್ಮ ಮನೆಯಲ್ಲಿ ಅನ್ನ ಸಾರು ಉಣ್ಣುತ್ತಾ ಇರುವರು. ಚಿಕ್ಕವಳಿದ್ದಾಗ ನನಗೆ ಅಪ್ಪ ಅರ್ಧ ಹೋಗಿದ್ದಾರೆ ಅನ್ನಿಸುತ್ತಿತ್ತು.

ಅಮ್ಮ ಪುಟ ತಿರುಗಿಸುವ ಸದ್ದು ಕೇಳಿಸಿತು. "ಅದರ ಹಿಂದಿನ ಶನಿವಾರ ದ್ವಾದಶಿ, ಸ್ಥಿರವಾರ. ಒಂದೂವರೆಯಿಂದ ಮೂರರವರೆಗೆ ಯಮಗಂಡ. ಮೂರು ಹೊಡೆದ ಮೇಲೆ ಇಡಿಸು."

"ನಿಮ್ಮ ಮೂರೋ, ನಮ್ಮ ಮೂರೋ?"

"ಯಾವ ಊರಿನ ಸೂರ್ಯನೋ ಆ ಊರಿನ ಗಂಟೆ ಕಣೇ. ಅಷ್ಟೂ ಗೊತ್ತಿಲ್ವಾ?"

ಆ ಶನಿವಾರ ನಮ್ಮ ಕ್ಲಬ್ಬಿಗೆ ಬೇರೆ ಊರಿನಲ್ಲಿ ಆಟ. ಅದು ಶುರುವಾಗುವುದೂ ಮೂರಕ್ಕೇ.

ಅವತ್ತೇ ಎದುರು ಮನೆಗೆ ಹೋಗಿ ಹೇಳಿದೆ. ಮುದುಕರು ಆಸ್ಪತ್ರೆಗೆ ಫೋನ್ ಮಾಡಲು ಕನ್ನಡಕ ಹುಡುಕುತ್ತಿದ್ದರು. ಅದು ಎಲ್ಲಿದೆ ಎಂದು ಅವರ ಹೆಂಡತಿಗೆ ಗೊತ್ತಿದ್ದಂತಿತ್ತು, ಕೊಡಲಿಲ್ಲ. ನಾನು ಪ್ರಸ್ಥಾನದ ವಿಚಾರವನ್ನೆಲ್ಲ ಹೇಳಿ ಮುಗಿಸಿದೆ. ನಕ್ಕುಬಿಡುತ್ತಾರೆ ಅಂದುಕೊಂಡೆ.

"ಅಂದ್ರೆ, ಬ್ಯಾಗು ಹೋದ್ರೆ ನಾನು ಹೋದ ಹಾಗೆ."

"ಹೌದು."

"ಹಾಗಾದ್ರೆ ಉಲ್ಟಾನೂ ಆಗ್ಬೇಕಲ್ಲ? ನಂದೇನಾದ್ರೂ ಇಲ್ಲೇ ಉಳಿದ್ರೆ, ನಾನು ಉಳಿದ ಹಾಗೆ?" ಬಾಗಿಲ ಹಿಂದಿನ ಕೊಕ್ಕೆಗೆ ನೇತುಹಾಕಿದ್ದ ದಿಂಬಿನ ಕಡೆ ನೋಡಿದರು.

ಇದು ಯಾವ ಶಾಸ್ತ್ರದಲ್ಲೂ ಇಲ್ಲ. ಅಮ್ಮನನ್ನು ಕೇಳಿದ್ದರೆ ಏನನ್ನುತ್ತಿದ್ದಳೋ. ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು.

"ಆಗುತ್ತೆ," ಅಂದೆ. "ಖಂಡಿತ ಆಗುತ್ತೆ."

"ನೀನೇ ತಗೊಂಡು ಹೋಗ್ಬೇಕು. ಕಡೇ ಸೀಟಿವರೆಗೂ ಕೂರ್ಬೇಕು. ಬಸ್ಸು ಹಿಡಿಯೋ ಹಾಗಿಲ್ಲ."

"ನಮ್ಮನೆ ಇರೋದು ನಡೆಯೋ ದೂರದಲ್ಲಿ, ಬಸ್ಸು ಯಾಕೆ?"

ಆಕೆ ಡ್ರಾಯರಿನಿಂದ ಕನ್ನಡಕ ತೆಗೆದು ಗಂಡನ ಕೈಗೆ ಕೊಟ್ಟರು. ಅವರು ಫೋನ್ ಮಾಡಿ, ಮಂಗಳವಾರ ಬರುತ್ತೇನೆ ಅಂದರು.

ಶನಿವಾರ ಮೂರಕ್ಕೆ ಐದು ನಿಮಿಷ ಇರುವಾಗಲೇ ನಾನು ಬಾಗಿಲು ತೆರೆದು ನಿಂತಿದ್ದೆ. ಇವರೂ ಬಂದು ನಿಂತರು. ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲದ ಮನುಷ್ಯ, ಒಗೆದ ಅಂಗಿ ಹಾಕಿಕೊಂಡಿದ್ದರು. ಎದುರು ಮನೆಯ ಬಾಗಿಲಲ್ಲಿ ಮುದುಕರು, ಕೈಯಲ್ಲಿ ಕಂದು ಬಣ್ಣದ ಬ್ಯಾಗು. ಒಳಗೆ ರೇಡಿಯೋ. ಬೀದಿಯೆಲ್ಲ ಖಾಲಿ. ಆಟ ಶುರುವಾದ ಸೀಟಿ ರೇಡಿಯೋದಲ್ಲಿ ಊದಿದ್ದೇ ಅವರು ಮೆಟ್ಟಿಲಿಳಿದರು. ರಸ್ತೆಯ ಮಧ್ಯದಲ್ಲಿ ಒಮ್ಮೆ ನಿಂತು ಆಕಾಶ ನೋಡಿದರು. ನನ್ನ ಗಂಡನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋದದ್ದು ಕಂಡಿತು. ಅವರು ಮತ್ತೆ ನಡೆದರು.

ನಮ್ಮ ಹಾಲಿನ ಮೂಲೆಯಲ್ಲಿ ಮಣೆ ಹಾಕಿದ್ದೆ. ಅದರ ಮೇಲೆ ಬ್ಯಾಗಿಟ್ಟರು. ನಾನು ಜಿಪ್ ತೆಗೆದು, ಪೈಜಾಮ, ಚಪ್ಪಲಿ, ಶೇವಿಂಗ್ ಸೆಟ್ಟಿನ ನಡುವೆ ಅಕ್ಕಿ ಅರಿಶಿನದ ಗಂಟು ಸೇರಿಸಿದೆ.

"ಈಗ ನಾನು ಎಲ್ಲಿದ್ದೀನಿ?" ಅಂದರು ಉಸಿರೆಳೆದುಕೊಳ್ಳುತ್ತಾ.

"ದಾರಿಯಲ್ಲಿ," ಅಂದೆ.

"ಹಾಗಾದ್ರೆ ದಾರೀಲಿ ಟೀ ಸಿಗುತ್ತೇನು?"

ನಮ್ಮ ಹಾಲಿನಲ್ಲೇ ರೇಡಿಯೋ ಹಾಕಿ ಕೇಳಿದೆವು. ಕೊನೆಗೆ ಒಂದು ಗೋಲು ಬಂದು, ಅಪರೂಪಕ್ಕೆ ಗೆದ್ದೆವು. ಕುರ್ಚಿಯಿಂದ ಏಳಕೂಡದು ಎಂದು ಇವರು ಮುದುಕರ ಭುಜದ ಮೇಲೆ ಕೈಯಿಟ್ಟು ಒತ್ತಿ ಹಿಡಿದಿದ್ದರು. "ನಿಮ್ಮಮ್ಮನ ಹೆಸರಲ್ಲಿ ಮೈದಾನದಲ್ಲಿ ಒಂದು ಸ್ಟ್ಯಾಂಡ್ ಕಟ್ಟಿಸ್ಬೇಕು," ಅಂದರು ಅವರು.

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ನಾನೇ ಬ್ಯಾಗಿನ ಸಮೇತ ಕಾರಿನಲ್ಲಿ ಕರೆದುಕೊಂಡು ಹೋದೆ. ಇವರಿಗೆ ಕ್ಲಿನಿಕ್ಕಿನಲ್ಲಿ ರೋಗಿಗಳಿದ್ದರು. ದಾರಿಯುದ್ದಕ್ಕೂ ಮುದುಕರು ಬಸ್ಸು ಓಡಿಸುತ್ತಿದ್ದ ಹಳೆಯ ತಿರುವುಗಳನ್ನು ತೋರಿಸಿದರು. ಅವರ ಹೆಂಡತಿ ಹಿಂದಿನ ಸೀಟಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ವಾಪಸ್ ಬಂದು ದೀಪ ಹಚ್ಚಿದೆ. ಕ್ಯಾಲೆಂಡರಿನ ಕಪ್ಪು ಚುಕ್ಕೆ ಅಲ್ಲೇ ಇತ್ತು. ಅವರಿಗೆ ಧೈರ್ಯ ಹೇಳಿದವಳು ನಾನು. ಸೊಪ್ಪು ಬಿಡಿಸಲು ಕೂತರೆ ಕಡ್ಡಿ ಪಾತ್ರೆಗೆ, ಎಲೆ ಕಸಕ್ಕೆ. ಇಷ್ಟು ವರ್ಷ ನಾನು ನಂಬಿದ್ದೇನೋ ಅಥವಾ ಬಿಡಲು ಬಾರದೆ ಇಟ್ಟುಕೊಂಡಿದ್ದೇನೋ ಎಂದು ಯಾವತ್ತೂ ಯೋಚಿಸಿರಲಿಲ್ಲ. ಅವತ್ತು ಯೋಚಿಸಿದೆ, ಗೊತ್ತಾಗಲಿಲ್ಲ. ಆ ಗಂಟು ಕಟ್ಟಿದ್ದು ಅವರಿಗಾಗಿ ಅಂದುಕೊಂಡಿದ್ದೆ. ಮನಸ್ಸಿನಲ್ಲಿ ಅದನ್ನು ಹಿಡಿದುಕೊಂಡು ಕೂತಿದ್ದವಳು ನಾನೇ. ಮಧ್ಯಾಹ್ನ ಕಳೆದು ಫೋನ್ ಬಂತು.

"ಮುಗೀತು," ಅಂದರು ಅವರ ಹೆಂಡತಿ. "ಮಲಗಿದ್ದಾನೆ. ಬಣ್ಣ ಬಂದಿದೆ ಮುಖಕ್ಕೆ." ಫೋನ್ ಇಟ್ಟು, ಕಸಕ್ಕೆ ಹಾಕಿದ್ದ ಸೊಪ್ಪಿನ ಎಲೆಗಳನ್ನು ಆರಿಸಿ ತೆಗೆದೆ.

ಶನಿವಾರ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಹೊರಟೆ. ಗೇಟಿನಲ್ಲಿ ಚೀಲ ತಪಾಸಣೆ ಮಾಡುವವನು ತಡೆದ. "ಯಾರದ್ದು ಇದು ಅಂತ ಗೊತ್ತು ನಂಗೆ. ಆತ ಎಲ್ಲಿ?"

"ಇಲ್ಲೇ," ಅಂದೆ ದಿಂಬು ತೋರಿಸಿ. ಅವನಿಗೂ ಸುದ್ದಿ ಮುಟ್ಟಿತ್ತು. ಟೋಪಿ ಮುಟ್ಟಿ ದಿಂಬಿಗೇ ಗುಡ್ ಆಫ್ಟರ್‌ನೂನ್ ಹೇಳಿ ಒಳಗೆ ಬಿಟ್ಟ.

ಸೀಟಿನ ಮೇಲೆ ಹಾಕಿ ಎರಡು ಸಲ ತಟ್ಟಿದೆ. ಗೆದ್ದರೆ ಉಳಿಯುತ್ತಿದ್ದೆವು. ಮೊದಲರ್ಧದಲ್ಲಿ ಒಂದು ಗೋಲು ಬಿಟ್ಟುಕೊಟ್ಟೆವು, ಎರಡನೆಯ ಅರ್ಧದಲ್ಲಿ ಒಂದು ಹೊಡೆದೆವು, ಇನ್ನೊಂದು ಬರಲೇ ಇಲ್ಲ. ಬೇರೆ ಕಡೆಯ ಆಟಗಳ ಸುದ್ದಿ ಫೋನುಗಳಿಂದ ಫೋನುಗಳಿಗೆ ಹರಿದು ಬಂದು, ಜನ ಒಬ್ಬೊಬ್ಬರಾಗಿ ಎದ್ದರು. ನನ್ನ ಮುಂದಿನ ಸಾಲು ಪೂರ್ತಿ ಖಾಲಿಯಾಯಿತು. ಮಳೆ ಹನಿಯತೊಡಗಿತು. ಬೀಳುವುದು ಖಾತ್ರಿಯಾದ ಮೇಲೂ ಆಡುತ್ತಲೇ ಇರಬೇಕಾದ ಆ ಹುಡುಗರನ್ನು ನೋಡುತ್ತಾ, ಮುದುಕರು ಅಷ್ಟು ವರ್ಷ ಯಾಕೆ ಎದ್ದು ಹೋಗಲಿಲ್ಲ ಅನ್ನುವುದು ಸ್ವಲ್ಪ ತಿಳಿಯಿತು. ನೋಡುವವರು ಹೋಗಿಬಿಟ್ಟರೆ ಆ ಹತ್ತು ನಿಮಿಷ ಯಾರಿಗಾಗಿ ಆಡುವುದು? ದಿಂಬು ನೆನೆಯದ ಹಾಗೆ ಕೊಡೆಯನ್ನು ಅದರ ಕಡೆಗೇ ಹಿಡಿದೆ. ಸೀಟಿ ಊದಿತು. ಉಳಿದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಳಗೆ ನನ್ನ ಗಂಡ, ಮೈದಾನಕ್ಕೆ ಬೆನ್ನು ಹಾಕಿ, ಅಳುತ್ತಾ ಚಪ್ಪಾಳೆ ತಟ್ಟುವ ಜನರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು.

ಸಂಜೆ ವಾರ್ಡಿನಿಂದ ಫೋನ್. ಧ್ವನಿ ಸಣ್ಣಗಾಗಿತ್ತು. "ಕೊನೇವರೆಗೂ ಇದ್ದೆಯಾ, ಲವ್?"

"ಇದ್ದೆ."

"ಹಾಗಾದ್ರೆ ನಾನೂ ಇದ್ದೆ." ಸ್ವಲ್ಪ ಉಸಿರು ತೆಗೆದುಕೊಂಡು ಅಂದರು, "ನಿಮ್ಮ ಆ ಕಪ್ಪು ದಿನ ಯಾರನ್ನಾದ್ರೂ ಹಿಡೀಲೇಬೇಕಿತ್ತು ಅನ್ಸುತ್ತೆ. ನನ್ನ ಬಿಟ್ಟು ಕ್ಲಬ್ಬನ್ನ ಹಿಡೀತು."

ಮುಂದಿನ ಆಗಸ್ಟಿಗೆ ಕೆಳಗಿನ ಲೀಗು. ಜನ ಕಡಿಮೆಯಾದರು, ಅವರಿಗೊಬ್ಬ ಡಾಕ್ಟರು ಬೇಕು ಅನ್ನುವ ನಿಯಮವೂ ತಪ್ಪಿತು. ಕ್ಲಬ್ಬಿನವರು ಇವರಿಗೆ ಧನ್ಯವಾದ ಹೇಳಿ ಬೀಳ್ಕೊಟ್ಟರು. ಇನ್ನು ಶನಿವಾರ ಮನೆಯಲ್ಲೇ ಅಂದುಕೊಂಡಿದ್ದೆ. ಇವರು ಏನೂ ಹೇಳದೆ ಎರಡು ಸೀಸನ್ ಟಿಕೆಟ್ ತಂದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದರು.

ಮೊದಲ ಆಟದ ದಿನ ನಾವು ಮುಂಚೆಯೇ ಹೋಗಿ ಕೂತಿದ್ದೆವು. ಮುದುಕರು ತಡವಾಗಿ ಬಂದರು. ಆಟ ಆಗಲೇ ಶುರುವಾಗಿತ್ತು. ಕಂಕುಳಲ್ಲಿ ದಿಂಬು. ಇವರು ಮೈದಾನ ಬಿಟ್ಟು ಆ ಕಡೆ ತಿರುಗಿದರು. ಮುದುಕರು ಒಂದೊಂದೇ ಮೆಟ್ಟಿಲು ಹತ್ತಿದರು, ಕಂಬಿ ಹಿಡಿಯದೆ. ಮಧ್ಯಕ್ಕೆ ಬಂದರು, ನಿಲ್ಲಲಿಲ್ಲ. ಅಷ್ಟರಲ್ಲಿ ಸುತ್ತಲಿನವರೆಲ್ಲ ಕೂಗುತ್ತಾ ಎದ್ದರು. ಇವರು ಎದ್ದವರ ನಡುವೆ ಕತ್ತು ಚಾಚಿ ಮೆಟ್ಟಿಲನ್ನೇ ನೋಡುತ್ತಿದ್ದರು.

ಮುದುಕರು ಬಂದು ದಿಂಬು ಹಾಕಿ, ಎರಡು ಸಲ ತಟ್ಟಿ ಕೂತರು. "ಈಗ ನೀವು ಟಿಕೆಟ್ ತಗೊಂಡು ಬಂದಿರೋದು ಡಾಕ್," ಅಂದರು. "ಗೋಲು ಆಯ್ತು. ಆ ಕಡೆ ನೋಡಿ."

"ನೋಡಿದೆ, ನೋಡಿದೆ," ಅಂದರು ಇವರು, ಅವರ ಮುಖವನ್ನೇ ನೋಡುತ್ತಾ.